ಇಲಿ ಕಡಿದ ವೈರನ್ನು ಬೆಸುಗೆಯಿಲ್ಲದೆ ಕೂಡಿಸಿದ ಬಗೆ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕಾರು ನಿಲ್ಲುವುದು ಅಡಿಕೆ ಕೊಟ್ಟಿಗೆಯ ಮಗ್ಗುಲಿಗೆ. ಎರಡು ವರ್ಷದ ಹಿಂದೆ ಎಡಗಡೆಯ ಹೆಡ್‌ಲೈಟಿನ ಮೂರು ವೈರುಗಳನ್ನು ಇಲಿ ಕಡಿದಾಗ, ತುದಿಗಳನ್ನು ಹೊಸೆದು ಟೇಪು ಸುತ್ತಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಹೋದ ಮಳೆಗಾಲದಲ್ಲಿ ಆ ದೀಪ ಬಲಗಡೆಯದಕ್ಕಿಂತ ಮಂಕಾಯಿತು. ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಮೊನೆಗಳನ್ನು ಜೋಡಣೆಯ ಆಚೀಚೆ ಚುಚ್ಚಿ ನೋಡಿದರೆ, ಒಂದೇ ಜೋಡಣೆಯಲ್ಲಿ ಸುಮಾರು ಒಂದು ವೋಲ್ಟ್ ಸೋರಿಹೋಗುತ್ತಿತ್ತು. 55 ವ್ಯಾಟಿನ ಬಲ್ಬು ನಾಲ್ಕೂವರೆ ಆಂಪಿಯರಿನಷ್ಟು ಎಳೆಯುವುದರಿಂದ, ಸುಮಾರು ನಾಲ್ಕೂವರೆ ವ್ಯಾಟಿನ ಶಾಖ ಬೆರಳುದ್ದದ ಆ ಟೇಪಿನೊಳಗೆ ಹುಟ್ಟುತ್ತಿತ್ತು. ಬಿಚ್ಚಿದಾಗ ಟೇಪು ಹಲಸಿನ ಮೇಣದಂತೆ ಅಂಟಿತ್ತು, ಒಳಗೆ ತಾಮ್ರ ಹಸಿರುಗಟ್ಟಿತ್ತು.

ಬೆಸುಗೆ ಹಾಕುವುದು ನನಗೆ ಗೊತ್ತು, ಮನೆಯ ರೇಡಿಯೋ ರಿಪೇರಿಗೆ ಅದನ್ನೇ ಬಳಸುತ್ತೇನೆ. ಆದರೆ ಕರಗಿದ ತವರ ಎಳೆಗಳ ಸಂದಿನಲ್ಲಿ ಹೀರಿಕೊಂಡು ವೈರಿನ ಆ ಭಾಗವನ್ನು ಕಡ್ಡಿಯಂತೆ ಮಾಡುತ್ತದೆ. ಸರಿಯಾದ ಆಧಾರವಿಲ್ಲದಿದ್ದರೆ, ಸದಾ ಅದುರುವ ಕಾರಿನಲ್ಲಿ ಕಡ್ಡಿ ಮುಗಿದು ಮೆದು ವೈರು ಶುರುವಾಗುವ ಗೆರೆಯಲ್ಲೇ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಆದ್ದರಿಂದ ಈ ಸಲ ಕ್ರಿಂಪಿಂಗ್ ಮಾಡಲು, ಅಂದರೆ ವೈರಿನ ತುದಿಗಳನ್ನು ಲೋಹದ ಕೊಳವೆಯಂಥ ಕನೆಕ್ಟರಿಗೆ ತೂರಿಸಿ ಒತ್ತಿ ಹಿಡಿಸಲು, ತೀರ್ಮಾನಿಸಿದೆ.

ಮೊದಲ ಪ್ರಯತ್ನ ಕೆಟ್ಟಿತು. ವೈರು ಸಲೀಸಾಗಿ ಒಳಹೋಗುತ್ತದೆಂದು ನೀಲಿ ಬಣ್ಣದ ಕನೆಕ್ಟರ್ ತೆಗೆದುಕೊಂಡು ಕಟಿಂಗ್ ಪ್ಲೇಯರಿನಲ್ಲಿ ಒತ್ತಿದೆ. ನೋಡಲು ಚಪ್ಪಟೆಯಾಗಿ ಭದ್ರವಾಗಿಯೇ ಕಂಡಿತು, ಎಳೆದರೆ ವೈರು ಕೈಗೇ ಬಂತು. ನೀಲಿ ಇರುವುದು 1.5ರಿಂದ 2.5 ಚದರ ಮಿಲಿಮೀಟರ್ ವೈರಿಗೆ, ನನ್ನದು 1.25, ಅದಕ್ಕೆ ಬೇಕಾದದ್ದು 0.5ರಿಂದ 1.5ರವರೆಗಿನ ಕೆಂಪು. ಜೊತೆಗೆ, ಪೂರ್ತಿ ಒತ್ತುವವರೆಗೂ ಬಾಯಿ ಬಿಡದ ರ್‍ಯಾಚೆಟ್ ಕ್ರಿಂಪರ್ ಕೊಂಡೆ. ಈ ಕೆಲಸದಲ್ಲಿ ಹಣ ಹಾಕಬೇಕಾದದ್ದು ಅದಕ್ಕೇ.

ಬ್ಯಾಟರಿಯ ನೆಗೆಟಿವ್ ಕಳಚಿ, ತುದಿಗಳನ್ನು ಕತ್ತರಿಸುತ್ತಾ ಹೋದೆ. ನೀರು ಹೊದಿಕೆಯೊಳಗೇ ಎಳೆಗಳ ಗುಂಟ ಹರಿದಿದ್ದರಿಂದ, ಹೊಳೆಯುವ ತಾಮ್ರ ಸಿಗುವ ಹೊತ್ತಿಗೆ ಒಂದು ವೈರಿನಲ್ಲಿ ಹತ್ತು ಸೆಂಟಿಮೀಟರ್ ಹೋಗಿತ್ತು. ಕಪ್ಪು ತಾಮ್ರದ ಮೇಲೆ ಎಂಥ ಕ್ರಿಂಪರ್ ಒತ್ತಿದರೂ ಪ್ರಯೋಜನವಿಲ್ಲ, ಹಾಗಾಗಿ ಕಡಿಮೆಬಿದ್ದಲ್ಲಿ ಅದೇ ದಪ್ಪದ ಹೊಸ ತುಂಡು ಸೇರಿಸಿದೆ. ಎಂಟು ಮಿಲಿಮೀಟರ್ ಹೊದಿಕೆ ಸುಲಿದು, ಒಂದು ಎಳೆಯೂ ಕತ್ತರಿಸಿಲ್ಲವೆಂದು ನೋಡಿಕೊಂಡು, ಎರಡೂ ಕಡೆಯ ತುದಿಗಳು ಕನೆಕ್ಟರಿನ ನಡುವಿನ ತಡೆಗೆ ತಾಗುವಂತೆ ತೂರಿಸಿ, ಒಂದೊಂದು ಬದಿಯನ್ನೂ ಬೇರೆಯಾಗಿ ಒತ್ತಿದೆ. ಪ್ರತಿಯೊಂದನ್ನೂ ಕೈಯಲ್ಲಿ ಬಲವಾಗಿ ಎಳೆದು ನೋಡಿದ ಮೇಲೆಯೇ ಮುಂದಿನದು.

ಮೂರೂ ವೈರುಗಳ ಜೋಡಣೆಗಳು ಒಂದರ ಪಕ್ಕ ಒಂದು ಬಂದರೆ ಅಲ್ಲಿ ಗಂಟಿನಂತೆ ಉಬ್ಬುತ್ತದೆ, ಉಜ್ಜಿದರೆ ಒಂದಕ್ಕೊಂದು ತಾಗುವ ಭಯವೂ ಇದೆ. ಅದಕ್ಕಾಗಿ ನಾಲ್ಕು ನಾಲ್ಕು ಸೆಂಟಿಮೀಟರ್ ಹಿಂದೆಮುಂದೆ ಮಾಡಿದೆ. ಜೋಡಣೆಯ ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಕಾಯಿಸಿದರೆ ಕುಗ್ಗಿ ಬಿಗಿಯುವ, ಒಳಗಡೆ ಅಂಟು ಬಳಿದ ಕೊಳವೆ. ಕನೆಕ್ಟರ್ ಒತ್ತುವ ಮೊದಲೇ ಇದನ್ನು ವೈರಿಗೆ ತೂರಿಸಿಡಬೇಕು, ಒಂದರಲ್ಲಿ ಮರೆತು ಮತ್ತೆ ಕತ್ತರಿಸಿದೆ. ಲೈಟರ್ ಮಸಿ ಹಿಡಿಸುತ್ತದೆ, ಒಂದೇ ಕಡೆ ಸುಡುತ್ತದೆ. ಹಾಟ್ ಏರ್ ಗನ್ನಿನಲ್ಲಿ ನಡುವಿನಿಂದ ಅಂಚಿಗೆ ಕಾಯಿಸುತ್ತಾ ಹೋದಾಗ ಎರಡೂ ತುದಿಗಳಲ್ಲಿ ಅಂಟು ಸಣ್ಣ ಉಂಗುರದಂತೆ ಹೊರಗೆ ಒಸರಿತು. ಆ ಉಂಗುರ ಕಾಣದ ಜೋಡಣೆಗೆ ನೀರು ನುಗ್ಗುತ್ತದೆ.

ಇದೇ ಧೈರ್ಯದಲ್ಲಿ ಏರ್‌ಬ್ಯಾಗಿನ ಹಳದಿ ವೈರುಗಳಿಗೆ ಮಾತ್ರ ನಾನು ಕೈಹಾಕುವುದಿಲ್ಲ.

ಬ್ಯಾಟರಿ ಜೋಡಿಸಿ ದೀಪ ಹಾಕಿ, ಸ್ಲೀವಿನ ಎರಡೂ ಕಡೆ ವೈರು ಸೇರುವ ಪ್ಲಗ್ಗುಗಳ ಪಿನ್ನುಗಳ ನಡುವೆ ಅಳೆದಾಗ ಮೀಟರು ತೋರಿಸಿದ್ದು 20 ಮಿಲಿವೋಲ್ಟಿನೊಳಗೆ.