ಹಾರಾಟದಲ್ಲಾದ ತಪ್ಪು ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಹೇಗೆ?

ಕಾಲಿನ ಪಟ್ಟಿ ಬಿಗಿಯದೆ ಗುಡ್ಡದಿಂದ ಓಡಿ ಹಾರಿದ ಪ್ಯಾರಾಗ್ಲೈಡಿಂಗ್ ಪೈಲಟ್ ಹಾರ್ನೆಸ್‌ನಲ್ಲಿ, ಅಂದರೆ ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳ ಆಸನದಲ್ಲಿ, ಕೂರಲಾಗದೆ ಕಂಕುಳಲ್ಲಿ ಜೋತುಬೀಳುತ್ತಾನೆ. ಈ ಕ್ರೀಡೆಯಲ್ಲಿ ಜೀವ ತೆಗೆಯುವ ತಪ್ಪು ಇದು, ಪಳಗಿದವರೂ ಮಾಡುತ್ತಾರೆ. ಹಾರುವ ಮೊದಲೇ ಯಾರೋ ಕಂಡು ತಡೆದರೆ ಏನೂ ಆಗುವುದಿಲ್ಲ, ಸಂಗತಿ ಅಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಬಾರದು. ಬೆಳಗಾವಿ ಕಡೆ ಹಾರಾಟ ಕಲಿಯುವವರ ಸಣ್ಣ ಗುಂಪೂ ಇಂಥದ್ದನ್ನು ಹೊರತರುವ ಏರ್ಪಾಡು ಮಾಡಿಕೊಳ್ಳಬಹುದು. ಒಂದು ಹಾಳೆ, ನಂಬಿಕಸ್ಥರೊಬ್ಬರು, ತಿಂಗಳಿಗೊಂದು ಸಭೆ ಸಾಕು.

ಮೊದಲು ಗೆರೆ ಎಳೆಯಿರಿ

ಯಾವುದಕ್ಕೆ ಶಿಕ್ಷೆ ಇಲ್ಲ, ಯಾವುದಕ್ಕೆ ಇದೆ ಎಂಬುದನ್ನು ಘಟನೆ ನಡೆಯುವ ಮುನ್ನವೇ ಬರೆದಿಡಿ. ಪಟ್ಟಿ ಮರೆತದ್ದು ಕೈತಪ್ಪು, ಶಿಕ್ಷೆ ಬೇಡ. ಎಲ್ಲರೂ ಮಾಡುತ್ತಾರೆಂದು ಗಾಳಿ ಅಳೆಯದೆ ಹಾರುವುದು ಕೆಟ್ಟ ರೂಢಿ. ಅದಕ್ಕೆ ಬುದ್ಧಿಮಾತು, ಮರುತರಬೇತಿ. ಸಾಂಬ್ರಾ ವಿಮಾನ ನಿಲ್ದಾಣದ ವಾಯುಪ್ರದೇಶಕ್ಕೆ ಅನುಮತಿ ಇಲ್ಲದೆ ಹೋಗಬಾರದೆಂದು ಗೊತ್ತಿದ್ದೂ ನುಗ್ಗಿದವರನ್ನು ನೆಲದ ಮೇಲೇ ಕೂರಿಸಬೇಕು. ಯಾವ ಗುಂಪಿಗೆ ಸೇರಿಸಬೇಕೆಂದು ಗೊಂದಲವಾದರೆ ಹೀಗೆ ಕೇಳಿಕೊಳ್ಳಿ: ಅಷ್ಟೇ ಅನುಭವವಿದ್ದ ಬೇರೊಬ್ಬರು ಆ ಹೊತ್ತಿನಲ್ಲಿ ಹೀಗೇ ಮಾಡುತ್ತಿದ್ದರೇ? ಹೌದೆಂದಾದರೆ ದೋಷ ಆ ಒಬ್ಬರಲ್ಲಷ್ಟೇ ಇಲ್ಲ.

ನಂತರ ಹಾಳೆ

ಒಂದೇ ಪುಟ. ಸ್ಥಳ, ವೇಳೆ, ಗಾಳಿಯ ದಿಕ್ಕು ಮತ್ತು ವೇಗ, ರೆಕ್ಕೆಯ (ತಲೆಯ ಮೇಲೆ ಬಿಚ್ಚಿಕೊಳ್ಳುವ ಬಟ್ಟೆಯ) ದರ್ಜೆ, ರಿಸರ್ವ್ ಪ್ಯಾರಾಚೂಟನ್ನು (ಆಪತ್ತಿಗೆಂದು ಇಟ್ಟುಕೊಳ್ಳುವುದನ್ನು) ಬಿಚ್ಚಿ ಮತ್ತೆ ಮಡಿಸಿದ ತಿಂಗಳು. ಏನು ಮಾಡಬೇಕೆಂದಿದ್ದಿರಿ, ಏನಾಯಿತು, ಯಾವುದು ಉಳಿಸಿತು. ಕೊನೆಯದನ್ನು ಬಿಡಬೇಡಿ, ಮುಂದಿನವರಿಗೆ ನೆರವಾಗುವುದು ಅದೇ. ಹೆಸರು, ಫೋನ್ ನಂಬರು ಹಾಳೆಯ ಕೆಳತುದಿಯ ಪಟ್ಟಿಯಲ್ಲಿರಲಿ; ವಿವರ ಕೇಳಿ ಮುಗಿದ ಮೇಲೆ ಅದನ್ನು ಹರಿದು ಬರೆದವರಿಗೇ ಮರಳಿಸಿ. ಅಮೆರಿಕದಲ್ಲಿ ನಾಸಾ 1976ರಿಂದ ನಡೆಸುತ್ತಿರುವ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆಯಲ್ಲೂ ಗುರುತಿನ ಪಟ್ಟಿ ಹೀಗೇ ಹಿಂದಿರುಗುತ್ತದೆ. ಬರೆಯುವುದು ಅದೇ ಸಂಜೆ ಆಗಲಿ. ನಾಲ್ಕು ಜನರ ಮಾತು ಕೇಳಿದ ಮೇಲೆ ನೆನಪು ಅವರ ಮಾತಿನಂತೆ ಬದಲಾಗುತ್ತದೆ.

ಹಾಳೆ ಇಟ್ಟುಕೊಳ್ಳುವವರು ಬೋಧಕರಾಗಲಿ, ದುಡ್ಡು ಪಡೆದು ಜನರನ್ನು ಹಾರಿಸುವವರಾಗಲಿ ಆಗಿರಬಾರದು. ಸರ್ಟಿಫಿಕೇಟ್ ಕೊಡುವವರ ಮುಂದೆ ಕಲಿಯುವವರು ತಪ್ಪು ಒಪ್ಪಿಕೊಳ್ಳುವುದಿಲ್ಲ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಿ: ಸಾವು ಅಥವಾ ದೊಡ್ಡ ಪೆಟ್ಟಾದರೆ ಪೊಲೀಸರು, ವಿಮೆಯವರು ತಮ್ಮ ಕೆಲಸ ಮಾಡುತ್ತಾರೆ, ಅಲ್ಲಿ ಈ ಗುಟ್ಟು ನಡೆಯದು. ಉಳಿಸಿಕೊಳ್ಳಲಾಗದ ಮಾತು ಕೊಟ್ಟರೆ ನಂಬಿಕೆ ಮತ್ತೆ ಬರುವುದಿಲ್ಲ.

ಸಭೆಯಲ್ಲಿ ಕೇಳುವ ಪ್ರಶ್ನೆ

‘ಯಾರು?’ ಎಂದು ಶುರುಮಾಡಬೇಡಿ. ಕಾಲಿನ ಪಟ್ಟಿಯನ್ನೇ ತೆಗೆದುಕೊಳ್ಳಿ. ಪರೀಕ್ಷಿಸಿಕೊಳ್ಳುವಾಗ ಫೋನ್ ಬಂತೇ? ಗಾಳಿ ನಿಲ್ಲಲೆಂದು ಪಟ್ಟಿ ಸಡಿಲಿಸಿ ಕಾಯುತ್ತಿದ್ದರೇ? ಗುಡ್ಡ ನೋಡಲು ಬಂದವರು, ‘ಅಣ್ಣಾರ, ಒಂದ್ ಸೆಲ್ಫಿ’ ಅಂದರೇ? ಎಚ್ಚರಿಕೆಯ ಸರಣಿ ನಡುವೆ ತುಂಡಾದದ್ದು ಎಲ್ಲಿ ಎಂಬುದೇ ಬೇಕಾದ ಉತ್ತರ.

‘ಇನ್ನು ಮುಂದೆ ಜಾಗ್ರತೆ’ ಎಂಬ ತೀರ್ಮಾನದಿಂದ ಏನೂ ಬದಲಾಗದು. ಎದೆಯ ಬಕಲ್ಲಿಗೂ ಕಾಲಿನ ಪಟ್ಟಿಗೂ ಜೋಡಣೆ ಇರುವ, ಒಂದನ್ನು ಬಿಟ್ಟು ಇನ್ನೊಂದನ್ನು ಹಾಕಲಾಗದ ಹಾರ್ನೆಸ್ ಎಲ್ಲಕ್ಕಿಂತ ಗಟ್ಟಿ ಉಪಾಯ. ಅದಿಲ್ಲದಿದ್ದರೆ ಕಾಲಿನ ಪಟ್ಟಿ ಎಲ್ಲಕ್ಕಿಂತ ಮೊದಲು ಹಾಕಿ, ಕೊನೆಗೆ ಬಿಚ್ಚಿ. ಮಾತು ನಡುವೆ ಬಂದರೆ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿ. ಓಡುವ ಮುನ್ನ ಜೊತೆಗಾರ ಬಕಲ್ಲುಗಳನ್ನು ಕೈಯಿಂದ ಮುಟ್ಟಿ ನೋಡಲಿ.

ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಹಾರುತ್ತಿರುವಾಗಲೇ ರೆಕ್ಕೆ ಮಡಚಿಕೊಂಡಿತೆಂದು ಬರೆದ ಹಾಳೆಗಳು ಸೇರತೊಡಗಿದರೆ ಕಾರಣ ಪೈಲಟ್‌ಗಳ ಕೈಯಲ್ಲಿಲ್ಲ. ಕಾದ ನೆಲದಿಂದ ಗಾಳಿ ಜೋರಾಗಿ ಮೇಲೇಳುವ ಹೊತ್ತು ಅದು, ಹೊಲದಲ್ಲಿ ಸುಂಟರಗಾಳಿಯೂ ಕಾಣುತ್ತದೆ. ಹೊಸಬರನ್ನು ಬೆಳಿಗ್ಗೆ ಅಥವಾ ಇಳಿಹೊತ್ತಿಗಷ್ಟೇ ಬಿಡಿ.

ಕೆಡುವುದು ಎಲ್ಲಿ?

ವಾಟ್ಸಾಪ್ ಗುಂಪಿನಲ್ಲಿ. ಬಿದ್ದವರ ವಿಡಿಯೊ ಹರಿದಾಡಿ, ಕೆಳಗೆ ನಗುವ ಚಿತ್ರಗಳು ಬಂದರೆ ಮುಂದಿನ ಹಾಳೆ ಬರುವುದಿಲ್ಲ. ವಿಡಿಯೊ ಹಾಕುವ ಮುನ್ನ ಅದರಲ್ಲಿರುವವರ ಒಪ್ಪಿಗೆ ಕಡ್ಡಾಯ ಮಾಡಿ. ಹಿರಿಯರು ತಮ್ಮದನ್ನು ಬರೆಯದಿದ್ದರೂ ವ್ಯವಸ್ಥೆ ಸತ್ತಂತೆಯೇ. ಆದ್ದರಿಂದ ಮೊದಲ ಹಾಳೆ ಎಲ್ಲರಿಗಿಂತ ಹೆಚ್ಚು ಹಾರಿದವರದ್ದಾಗಲಿ. ಬರೆದದ್ದರಿಂದ ಏನು ಬದಲಾಯಿತೆಂದು ಬರೆದವರಿಗೆ ಎರಡು ವಾರದೊಳಗೆ ತಿಳಿಸಿ.

ಮೂರು ತಿಂಗಳು ಒಂದೂ ಹಾಳೆ ಬರದಿದ್ದರೆ ಸುರಕ್ಷಿತವಾಗಿದ್ದೇವೆಂದು ತಿಳಿಯಬೇಡಿ. ಹೊಸಬರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಬರೆಯಲು ಏನು ಅಡ್ಡಿ ಎಂದು ಕೇಳಿ. ಹಾಳೆ ಇಟ್ಟುಕೊಳ್ಳುವವರ ಮೇಲೇ ಅಂಜಿಕೆ ಇದ್ದರೆ ಆ ಹೊಣೆಯನ್ನು ಬೇರೆಯವರಿಗೆ ಕೊಡಿ.