ಬಣ್ಣ ನೋಡಿ ಮರುಳಾಗಬೇಡಿ: ಹಳೆಯ ಬಂದೂಕಿನ ಮದ್ದಿನ ತಕ್ಕಡಿಗಳನ್ನು ಸಂಗ್ರಹಿಸುವ ಬಗೆ

ನನ್ನ ಬಳಿ ಬಂದೂಕಿಲ್ಲ, ಕೊಳ್ಳುವ ಆಸೆಯೂ ಇಲ್ಲ. ಆದರೆ ತೋಟಾಗಳನ್ನು ತಾವೇ ಮರುತುಂಬಿಸಿಕೊಳ್ಳುವವರು ಮದ್ದಿನ ಪುಡಿ ತೂಗಲು ಬಳಸುತ್ತಿದ್ದ ದಂಡದ ತಕ್ಕಡಿ ಎಲ್ಲಿ ಕಂಡರೂ ನನ್ನ ಕೈ ಜೇಬಿಗೆ ಹೋಗುತ್ತದೆ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯ ತಕ್ಕಡಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅವುಗಳಿಗೆ ಗಾಳಿಯಾಡದ ಕೋಣೆ ಬೇಕು, ಅಲುಗದ ಕಲ್ಲಿನ ಕಟ್ಟೆ ಬೇಕು. ಈ ಮದ್ದಿನ ತಕ್ಕಡಿಗಳಾದರೋ ಮರದ ಮೇಜಿನ ಮೇಲೆ, ಎಣ್ಣೆ ಮತ್ತು ಲೋಹದ ಪುಡಿಯ ನಡುವೆ ಕುಳಿತು 0.1 ಗ್ರೇನ್ ವ್ಯತ್ಯಾಸವನ್ನು ತೋರಿಸುತ್ತವೆ. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ, 7000 ಗ್ರೇನ್ ಸೇರಿದರೆ ಒಂದು ಪೌಂಡ್. ಅಂದರೆ ಆರೂವರೆ ಮಿಲಿಗ್ರಾಂನಷ್ಟು ಸೂಕ್ಷ್ಮತೆ, ಅದೂ ವಿದ್ಯುತ್ತಿನ ಹಂಗಿಲ್ಲದೆ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. ಇವು ಬಹುಪಾಲು ಅಮೆರಿಕದವು. ಪೆಟ್ಟಿಗೆಯ ಮೇಲೆ ತೋಟಾ ತುಂಬುವ ಸಲಕರಣೆ ಮಾರುವ ಆರ್‌ಸಿಬಿಎಸ್ ಕಂಪನಿಯ ಹೆಸರಿರಲಿ, ಲೈಮನ್ ಕಂಪನಿಯದಿರಲಿ, ಒಳಗಿನ ತಕ್ಕಡಿಯನ್ನು ಅನೇಕ ಸಲ ಮಾಡಿದ್ದು ಓಹಾಸ್. 1907ರಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾದ, ತಕ್ಕಡಿಗಳನ್ನೇ ಕಸುಬಾಗಿಸಿಕೊಂಡ ಸಂಸ್ಥೆ ಅದು. ಹಸಿರು ಬಣ್ಣದ ಆರ್‌ಸಿಬಿಎಸ್ 10-10 ಮತ್ತು 5-0-5, ಲೈಮನ್ ಹೆಸರು ಹೊತ್ತ ಎಂ5 ಮತ್ತು ಡಿ5 ಇವೆಲ್ಲ ಒಂದೇ ಬಳಗದವು. ಹಾಗಾಗಿ ಬಣ್ಣಕ್ಕೂ ಬಿರುದಿಗೂ ಹೆಚ್ಚು ಹಣ ಕೊಡಬೇಡಿ. ರೆಡ್ಡಿಂಗ್, ಪೆಸಿಫಿಕ್ ಬೇರೆ ಮನೆತನದವು, ಅವುಗಳ ಕೆಲವು ಹಳೆಯ ಮಾದರಿಗಳಲ್ಲಿ ದಂಡದ ಓಲಾಟ ತಡೆಯಲು ಎಣ್ಣೆಯ ಬಾವಿ ಇರುತ್ತದೆ. ಲೀ ಸಂಸ್ಥೆಯ ಪ್ಲಾಸ್ಟಿಕ್ ತಕ್ಕಡಿ ನೋಡಲು ಆಟಿಕೆಯಂತಿದ್ದು, ಓದುವುದೂ ಪೇಚಿನ ಕೆಲಸ. ಆದರೂ ಅದರ ಸೂಕ್ಷ್ಮತೆ ದೊಡ್ಡವರನ್ನು ನಾಚಿಸುವಂಥದ್ದು. ಸಂಗ್ರಹದಲ್ಲಿ ಒಂದಿರಲಿ.

ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಹೇಳುವುದು 5-0-5. ಇದರಲ್ಲಿ ಮೂರು ಸರಿಸುವ ಬಟ್ಟುಗಳಿವೆ. ದೊಡ್ಡದು ಹತ್ತು ಹತ್ತು ಗ್ರೇನ್‌ಗಳ ಕಚ್ಚುಗಳಲ್ಲಿ 500ರವರೆಗೆ, ಇನ್ನೊಂದು ಒಂದೊಂದೇ ಗ್ರೇನ್, ಮೂರನೆಯದು ಹತ್ತನೇ ಒಂದರ ಲೆಕ್ಕ. ಒಟ್ಟು 511 ಗ್ರೇನ್. ಪ್ರತಿಯೊಂದು ಬಟ್ಟೂ ತನ್ನ ಕಚ್ಚಿನಲ್ಲಿ ಕೂರುವುದರಿಂದ ಓದುವಾಗ ಅನುಮಾನಕ್ಕೆ ಎಡೆಯಿಲ್ಲ. 10-10 ಹೆಚ್ಚು ಚೆಲುವೆ. ಅದರಲ್ಲಿ ಸಣ್ಣ ತೂಕಕ್ಕೆ ಬೆರಳಿನಿಂದ ತಿರುಗಿಸುವ ಗೀಟುಗಳ ಉರುಳೆ ಇದೆ, ಮತ್ತು ಒಂದು ಹೆಚ್ಚುವರಿ ಬಟ್ಟನ್ನು ತೂಗುಹಾಕಿದರೆ 1010 ಗ್ರೇನ್‌ವರೆಗೂ ತೂಗುತ್ತದೆ. ಈ ಹೆಚ್ಚುವರಿ ಬಟ್ಟು ಕಳೆದುಹೋಗಿರುವುದೇ ಹೆಚ್ಚು. ಮಾರುವವರನ್ನು ಅದರ ಬಗ್ಗೆ ಮೊದಲೇ ಕೇಳಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ತಕ್ಕಡಿಯ ಜೀವ ಇರುವುದು ಎರಡು ಕಡೆ: ದಂಡದ ಅಡಿಯಲ್ಲಿರುವ ಗಡಸು ಉಕ್ಕಿನ ಅಲಗು, ಅದು ಕೂರುವ ಅಗೇಟ್ ಎಂಬ ಗಟ್ಟಿ ಕಲ್ಲಿನ ತೋಡು. ಉಳಿದದ್ದೆಲ್ಲ ಆಮೇಲೆ. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ದೀಪದ ಬೆಳಕನ್ನು ಅಲಗಿನ ಮೇಲೆ ಓರೆಯಾಗಿ ಬೀಳಿಸಿ. ಚೂಪಾದ ಅಲಗು ಬೆಳಕನ್ನು ಹಿಂದಿರುಗಿಸುವುದಿಲ್ಲ. ಎಲ್ಲಾದರೂ ಮಿನುಗುವ ಚುಕ್ಕೆ ಅಥವಾ ಬಿಳಿ ಗೆರೆ ಕಂಡರೆ ಅಲ್ಲಿ ಅಂಚು ಮುಕ್ಕಾಗಿದೆ ಅಥವಾ ಸವೆದು ಚಪ್ಪಟೆಯಾಗಿದೆ. ತುಕ್ಕಿನ ಕಲೆ ಅಲಗಿನ ಪಕ್ಕಗಳಲ್ಲಿದ್ದರೆ ಚಿಂತೆಯಿಲ್ಲ, ಅಂಚಿನಲ್ಲೇ ಇದ್ದರೆ ಆ ತಕ್ಕಡಿ ಬೇಡ. ಅಲಗನ್ನು ಅರದಿಂದ ಉಜ್ಜಿ ಸರಿಪಡಿಸುತ್ತೇನೆ ಎಂಬ ಧೈರ್ಯ ಯಾರಿಗಾದರೂ ಬಂದರೆ ದಯವಿಟ್ಟು ಅರವನ್ನು ಬೇರೆಯವರ ಕೈಗೆ ಕೊಟ್ಟುಬಿಡಿ.

ಕಲ್ಲಿನದು ಇನ್ನೊಂದು ಕಥೆ. ಓಹಾಸ್ ಮಾಡಿದ ಅನೇಕ ತಕ್ಕಡಿಗಳಲ್ಲಿ ಅಗೇಟ್ ತುಂಡುಗಳು ತಮ್ಮ ಗೂಡಿನಲ್ಲಿ ಸ್ವಲ್ಪ ಸಡಿಲವಾಗಿ ಕೂತಿರುತ್ತವೆ. ಅಲಗು ಹೇಗೆ ಕೂತರೂ ಕಲ್ಲು ತಾನೇ ಸರಿದು ಹೊಂದಿಕೊಳ್ಳಲಿ ಎಂದು ಹಾಗೆ ಮಾಡಿದ್ದಾರೆ. ಹೊಸಬರು ಇದನ್ನು ಕಂಡು 'ಕಲ್ಲು ಅಲುಗುತ್ತಿದೆ' ಎಂದು ಅಂಟು ಹಾಕಿಬಿಡುತ್ತಾರೆ. ಅಂಟು ಹಾಕಿದ ತಕ್ಕಡಿಗಿಂತ ಧೂಳು ಹಿಡಿದು ಕಲ್ಲು ಕಚ್ಚಿಕೊಂಡ ತಕ್ಕಡಿ ಎಷ್ಟೋ ಮೇಲು, ಧೂಳನ್ನಾದರೂ ತೆಗೆಯಬಹುದು.

ಚಿತ್ರ ನೋಡಿ ಕೊಳ್ಳುವುದಾದರೆ ಮುಂದಿನಿಂದ ತೆಗೆದ ಅಂದವಾದ ಫೋಟೋ ಸಾಲದು. ದಂಡವನ್ನು ಮಗುಚಿ ಇಟ್ಟು ಅಲಗಿನ ಹತ್ತಿರದ ಫೋಟೋ, ದಂಡದ ತುದಿ ಆಡುವ ಆಯಸ್ಕಾಂತದ ಸಂದಿಯ ಫೋಟೋ, ಬುಡದ ಅಡಿಭಾಗದ ಫೋಟೋ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ. ಕಳಿಸುವಾಗ ದಂಡವನ್ನು ಬುಡದಿಂದ ಬಿಚ್ಚಿ ಬೇರೆಯಾಗಿ ಸುತ್ತಬೇಕೆಂದು ಬರೆದೇ ತಿಳಿಸಿ. ಒಬ್ಬ ಮಹಾಶಯರು ಜೋಡಿಸಿದ ತಕ್ಕಡಿಯನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ, 'ಜೋಡಿಸುವ ಶ್ರಮ ನಿಮಗೆ ಬೇಡವೆಂದು' ಎಂಬ ಚೀಟಿಯನ್ನೂ ಇಟ್ಟಿದ್ದರು. ದಾರಿಯುದ್ದಕ್ಕೂ ಅಲಗು ಕಲ್ಲಿನ ಮೇಲೆ ಕುಣಿದು ಎರಡೂ ಹಾಳಾಗಿದ್ದವು.

ತಟ್ಟೆ ಮತ್ತು ಅದನ್ನು ಹೊರುವ ತೂಗುಕೊಂಡಿ ಆ ದಂಡದ್ದೇ ಆಗಿರಬೇಕು. ಕಾರ್ಖಾನೆಯಲ್ಲಿ ಪ್ರತಿ ತಕ್ಕಡಿಗೂ ಕೊಂಡಿಯ ಒಳಗೆ ಪುಟ್ಟ ಸೀಸದ ಗುಂಡುಗಳನ್ನು ಹಾಕಿ ಸಮತೋಲ ಮಾಡಿರುತ್ತಾರೆ. ಇದನ್ನು ಪತ್ತೆಹಚ್ಚುವುದು ಸುಲಭ. ಬಟ್ಟುಗಳನ್ನೆಲ್ಲ ಸೊನ್ನೆಗೆ ತಂದು, ಖಾಲಿ ತಟ್ಟೆ ಇಟ್ಟು, ಮಟ್ಟದ ಮೇಜಿನ ಮೇಲೆ ಬುಡದ ತಿರುಪನ್ನು ತಿರುಗಿಸಿ. ತಿರುಪು ನಡುವಿನ ಹಂತದಲ್ಲೇ ಮುಳ್ಳು ಸೊನ್ನೆಗೆ ಬಂದರೆ ಎಲ್ಲವೂ ಒಂದೇ ಸಂಸಾರದವು. ಕೊನೆಯವರೆಗೆ ತಿರುಗಿಸಿದರೂ ಬಾರದಿದ್ದರೆ ಯಾವುದೋ ತಟ್ಟೆ ಇನ್ಯಾವುದೋ ದಂಡಕ್ಕೆ ಬಂದು ಸೇರಿದೆ. ಗುಂಡು ಸೇರಿಸಿಯೋ ತೆಗೆದೋ ಸರಿ ಮಾಡಬಹುದು, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಲಿ.

ಶುಚಿಗೊಳಿಸುವಾಗ ಎಣ್ಣೆಯ ಡಬ್ಬಿಯನ್ನು ಕೋಣೆಯಿಂದಾಚೆ ಇಡಿ. ಅಲಗಿಗೂ ಕಲ್ಲಿಗೂ ಎಣ್ಣೆ ತಾಕಿದರೆ ಧೂಳು ಬಂದು ಮೆತ್ತಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿ, ಮೂಲೆಗಳಿಗೆ ಮರದ ಕಡ್ಡಿ ಸಾಕು. ಆಮೇಲೆ ದಂಡದ ತುದಿಯ ತಾಮ್ರದ ತಗಡು ಮತ್ತು ಅದು ಆಡುವ ಆಯಸ್ಕಾಂತದ ಸಂದಿ ನೋಡಿ. ತಾಮ್ರವನ್ನು ಆಯಸ್ಕಾಂತ ಸೆಳೆಯುವುದಿಲ್ಲ. ಆದರೆ ತಗಡು ಚಲಿಸಿದಾಗ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ ಚಲನೆಯನ್ನು ತಡೆಯುತ್ತದೆ, ತಗಡು ನಿಂತ ಕ್ಷಣ ತಡೆಯೂ ಇಲ್ಲ. ಆದ್ದರಿಂದ ತೂಕಕ್ಕೆ ಧಕ್ಕೆಯಾಗದೆ ಓಲಾಟ ಮಾತ್ರ ಬೇಗ ನಿಲ್ಲುತ್ತದೆ. ಎಂಥ ಜಾಣ ಉಪಾಯ! ತೊಂದರೆ ಕೊಡುವುದು ಆ ಸಂದಿಯಲ್ಲಿ ಸೇರಿಕೊಂಡ ಕಬ್ಬಿಣದ ಪುಡಿ. ಅದು ಕೂದಲಿನಂತೆ ನಿಂತು ತಗಡಿಗೆ ಉಜ್ಜುತ್ತದೆ. ಊದಿದರೆ ಹೋಗುವುದಿಲ್ಲ, ಅಂಟುಪಟ್ಟಿಯನ್ನು ಸಂದಿಗೆ ತೂರಿಸಿ ಎತ್ತಿ. ಎಣ್ಣೆಬಾವಿಯ ತಕ್ಕಡಿಗಳಲ್ಲಿ ಹಳೆಯ ಎಣ್ಣೆ ಗೋಂದಾಗಿರುತ್ತದೆ. ಬಾವಿಯನ್ನು ತೊಳೆದು ತೆಳುವಾದ ಖನಿಜ ಎಣ್ಣೆ ತುಂಬಿ, ಊರಿಂದೂರಿಗೆ ಒಯ್ಯುವ ಮುನ್ನ ಬರಿದು ಮಾಡಿ.

ಬಣ್ಣ ಉದುರಿದ್ದರೆ ಉದುರಿರಲಿ. ಹೊಸ ಬಣ್ಣ ಬಳಿದ ತಕ್ಕಡಿಯನ್ನು ನಾನು ಕಣ್ಣೆತ್ತಿ ನೋಡುವುದಿಲ್ಲ. ದಂಡದ ಮೇಲಂತೂ ಮೆರುಗು ಕೊಡುವ ಪೇಸ್ಟ್ ತಾಕಲೇಬಾರದು: ಕಚ್ಚುಗಳಲ್ಲಿ ಉಳಿದ ಪೇಸ್ಟ್ ಬಟ್ಟನ್ನು ಸರಿಯಾಗಿ ಕೂರಲು ಬಿಡುವುದಿಲ್ಲ.

ಪರೀಕ್ಷೆ ಮೂರು ಬಗೆಯದು. ಮೊದಲನೆಯದು, ಹೇಳಿದ್ದನ್ನೇ ಮತ್ತೆ ಹೇಳುತ್ತದೆಯೇ ಎಂಬುದು. ತೂಕ ಇಟ್ಟು ಮುಳ್ಳನ್ನು ನೋಡಿ, ದಂಡವನ್ನು ಮೆಲ್ಲನೆ ಎತ್ತಿ ಮತ್ತೆ ಕೂರಿಸಿ. ಹಲವು ಬಾರಿ ಹೀಗೆ ಮಾಡಿದಾಗ ಮುಳ್ಳು ಅದೇ ಗೀಟಿಗೆ ಬರಬೇಕು. ನನಗೆ ಉಳಿದೆರಡಕ್ಕಿಂತ ಇದೇ ಮುಖ್ಯ. ಎರಡನೆಯದು ಸೂಕ್ಷ್ಮತೆ. ಇದಕ್ಕೆ ದುಬಾರಿ ಬಟ್ಟು ಬೇಕಿಲ್ಲ. ಚದರ ಮೀಟರಿಗೆ 80 ಗ್ರಾಂ ತೂಗುವ ಸಾಮಾನ್ಯ ಮುದ್ರಣ ಕಾಗದದಿಂದ 9 ಮಿಲಿಮೀಟರ್ ಚೌಕವನ್ನು ನೀಟಾಗಿ ಕತ್ತರಿಸಿದರೆ ಅದರ ತೂಕ ಸುಮಾರು 6.48 ಮಿಲಿಗ್ರಾಂ, ಅಂದರೆ ಹತ್ತಿರ ಹತ್ತಿರ 0.1 ಗ್ರೇನ್. ಅದನ್ನು ಚಿಮುಟದಿಂದ ತಟ್ಟೆಗೆ ಹಾಕಿದಾಗ ಮುಳ್ಳು ಸ್ಪಷ್ಟವಾಗಿ ಸರಿಯಬೇಕು. ಅರ್ಧ ಚೌಕಕ್ಕೂ ಸರಿದರೆ ಅದು ಉತ್ತಮ ತಕ್ಕಡಿ. ಮೂರನೆಯದು ನಿಖರತೆ. ಪ್ರಯೋಗಾಲಯದ ಬಟ್ಟುಗಳು ಗ್ರಾಂನಲ್ಲಿರುತ್ತವೆ, ಹಾಗಾಗಿ 5 ಗ್ರಾಂಗೆ 77.16, 10ಕ್ಕೆ 154.32, 20ಕ್ಕೆ 308.65 ಗ್ರೇನ್ ಎಂದು ಗೋಡೆಗೆ ಬರೆದು ಅಂಟಿಸಿಕೊಂಡಿದ್ದೇನೆ. ಒಂದೇ ತೂಕದಲ್ಲಿ ನೋಡಿ ಬಿಟ್ಟುಬಿಡಬೇಡಿ. ಒಂದು ಕಚ್ಚು ಮಾತ್ರ ಸವೆದಿರಬಹುದು.

ಓದುವಾಗ ಕಣ್ಣು ಮುಳ್ಳಿನ ಮಟ್ಟದಲ್ಲಿರಲಿ. ಮೇಲಿನಿಂದ ಇಣುಕಿ ನೋಡಿದರೆ ತಕ್ಕಡಿ ಸರಿಯಿದ್ದರೂ ಓದು ತಪ್ಪುತ್ತದೆ. ಬಗ್ಗಲಾಗದವರು ಮೊಬೈಲ್ ಕ್ಯಾಮೆರಾವನ್ನು ಮುಳ್ಳಿನ ಎದುರಿಗೆ ನಿಲ್ಲಿಸಿಕೊಳ್ಳಲಿ. ಫ್ಯಾನು ಆರಿಸಿ. ಪ್ಲಾಸ್ಟಿಕ್ ಮುಚ್ಚಳವನ್ನು ಬಟ್ಟೆಯಿಂದ ಉಜ್ಜಿದ ಕೂಡಲೇ ತೂಗಬೇಡಿ, ಸ್ಥಿರ ವಿದ್ಯುತ್ ದಂಡವನ್ನು ಎಳೆಯುತ್ತದೆ.

ಪ್ರತಿ ತಕ್ಕಡಿಗೂ ಒಂದು ಚೀಟಿ ಬರೆದು ಬುಡದ ಅಡಿ ಇಡಿ: ಮಾದರಿ, ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಸೇರಿದ್ದು, ಪರೀಕ್ಷೆಯಲ್ಲಿ ಕಂಡ ವ್ಯತ್ಯಾಸ ಎಷ್ಟು. ಮಾರುವಾಗ ಆ ಚೀಟಿಯನ್ನೂ ಕೊಡಿ. ಕೊಂಡವರು ಅದರಲ್ಲಿ ನಿಜಕ್ಕೂ ಮದ್ದು ತೂಗುವವರಾಗಿದ್ದರೆ, ತಮ್ಮದೇ ಪರೀಕ್ಷಾ ಬಟ್ಟುಗಳಿಂದ ನೋಡದೆ ಬಳಸಬೇಡಿ ಎಂದು ಬಾಯಿಬಿಟ್ಟು ಹೇಳಿ. ಕಪಾಟಿನಲ್ಲಿ ಇಡುವಾಗ ದಂಡವನ್ನು ಕಲ್ಲಿನಿಂದ ಎತ್ತಿ, ಬಟ್ಟೆಯಲ್ಲಿ ಸುತ್ತಿ, ಬುಡದ ಪಕ್ಕದಲ್ಲೇ ಮಲಗಿಸಿ. ಪ್ರದರ್ಶನಕ್ಕೆಂದು ಜೋಡಿಸಿಡುವ ಆಸೆ ನನಗೂ ಇದೆ. ಅದಕ್ಕೆಂದೇ ಅಲಗು ಮುಕ್ಕಾದ ಒಂದು ಎಂ5 ಅನ್ನು ಬೇರೆಯಾಗಿ ಇಟ್ಟುಕೊಂಡಿದ್ದೇನೆ, ಬಂದವರೆಲ್ಲ ಅದನ್ನು ಮುಟ್ಟಿ ಆಡಿಸಬಹುದು.