ಗ್ರೂಪ್ ಮುಚ್ಚಿದೆವು, ಸರಪಳಿ ಕಟ್ಟಿದೆವು: ನನ್ನ ಅನುಭವ

"ಭಯ ಇರೋ ಹೆಂಗಸರು ನಾಲ್ಕು ಜನ ಒಂದು ಕಡೆ ಸೇರಿದ್ರೆ ಭಯ ನಾಲ್ಕರಷ್ಟಾಗುತ್ತೆ, ಅಷ್ಟೇ ಅತ್ತಿಗೆ" ಅಂತ ನನ್ನ ನಾದಿನಿ ಹೇಳಿದ್ದಳು, ಮಕ್ಕಳಾಗಲು ಚಿಕಿತ್ಸೆ ಮಾಡಿಸಿಕೊಂಡು ಬಸುರಾದವರೆಲ್ಲ ಒಬ್ಬರಿಗೊಬ್ಬರು ಆಸರೆಯಾಗೋಣ ಅಂತ ನಾನು ಹೊರಟಾಗ. ಅವಳು ನರ್ಸ್, ಕೆಲಸ ಹೆರಿಗೆ ವಾರ್ಡಿನಲ್ಲೇ. ನಮ್ಮ ಮನೆಯವರು ಅದಕ್ಕೆ ತಲೆಯಾಡಿಸಿದ್ದರು. ಈಗ ಅದೇ ನಾದಿನಿ ಐವಿಎಫ್ ಮಾಡಿಸಿಕೊಂಡ, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡಿಸಿಕೊಂಡ ಬಸುರಿಯರು ಕಂಡರೆ ನನ್ನ ಅಂಗಡಿಯ ದಾರಿ ಹೇಳಿ ಕಳಿಸುತ್ತಾಳೆ. ಹಾಗಾಗಿ ನಾವು ಏನು ಮಾಡಿದೆವು, ಎಲ್ಲಿ ಕೈ ಸುಟ್ಟುಕೊಂಡೆವು ಅಂತ ಒಮ್ಮೆ ಬರೆದಿಡೋಣ ಅನ್ನಿಸಿತು.

ನನ್ನದು ತುಮಕೂರಿನಲ್ಲಿ ಹೊಲಿಗೆ ಅಂಗಡಿ. ಬ್ಲೌಸ್, ಚೂಡಿದಾರ್, ಫಾಲ್, ಜಿಗ್‌ಜಾಗ್. ಬೀದಿಯಲ್ಲಿ ಯಾರು ಬಸುರಿ ಅನ್ನೋದು ಎಷ್ಟೋ ಸಲ ಅತ್ತೆಗಿಂತ ಮೊದಲು ಟೈಲರ್‌ಗೆ ಗೊತ್ತಾಗುತ್ತದೆ. ಬ್ಲೌಸಿನ ಬಗಲಲ್ಲಿ ಒಂದು ಹೊಲಿಗೆ ಬಿಚ್ಚಿಕೊಡಿ ಅಂತ ಬರುತ್ತಾರಲ್ಲ, ಆಗ. ವರ್ಷಗಟ್ಟಲೆ ಚಿಕಿತ್ಸೆ ಮಾಡಿಸಿಕೊಂಡವಳು ಮಾತ್ರ ಬೇರೆ ಥರ ಬರುತ್ತಾಳೆ. ಟೇಪು ಸೊಂಟದ ಹತ್ತಿರ ಹೋದರೆ ಉಸಿರು ಬಿಗಿಹಿಡಿಯುತ್ತಾಳೆ. "ಎಷ್ಟು ತಿಂಗಳಮ್ಮಾ" ಅಂದರೆ "ನೋಡಬೇಕು" ಅನ್ನುತ್ತಾಳೆ. ನಾನೂ ಹಾಗೇ ಅಂದವಳು. ಐಯುಐಗಳು (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ), ಐವಿಎಫ್, ಎರಡನೇ ಸ್ಕ್ಯಾನಿನಲ್ಲಿ ನಿಂತುಹೋಗಿದ್ದ ಎದೆಬಡಿತ, ಆಮೇಲೆ ಮಗಳು. ಬೀಟಾ ಅಂದರೆ ಬಸುರು ನಿಂತಿದೆಯಾ ಅಂತ ನೋಡುವ ರಕ್ತಪರೀಕ್ಷೆ, ಟ್ರಾನ್ಸ್‌ಫರ್ ಅಂದರೆ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು. ಈ ದಾರಿಯಲ್ಲಿ ಬಂದವರಿಗೆ ಅದೆಲ್ಲ ಬಾಯಿಪಾಠ.

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ, ವಾಟ್ಸಾಪ್ ಗ್ರೂಪ್. ಇಪ್ಪತ್ತು ಜನರ ಹತ್ತಿರ ಇದ್ದೆವು. ಗುಬ್ಬಿ, ತಿಪಟೂರು, ಶಿರಾ ಕಡೆಯವರೂ ಇದ್ದರು. ಎರಡು ವಾರ ಚೆನ್ನಾಗಿತ್ತು. ಆಮೇಲೆ ಒಬ್ಬಳು ರಾತ್ರಿ ಹತ್ತರ ಮೇಲೆ "ಹಾರ್ಟ್‌ಬೀಟ್ ಇಲ್ಲ ಅಂದ್ರು" ಅಂತ ಹಾಕಿದಳು. ಮಾರನೇ ದಿನ ಮೂರೋ ನಾಲ್ಕೋ ಜನ ಏನೂ ತೊಂದರೆ ಇಲ್ಲದಿದ್ದರೂ ಸ್ಕ್ಯಾನಿಂಗ್ ಸೆಂಟರಿಗೆ ಓಡಿದರು. ಒಂದೊಂದು ಸ್ಕ್ಯಾನಿಗೆ ಸಾವಿರ, ಸಾವಿರದೈನೂರು. ಹೆತ್ತವರು ಮಗುವಿನ ಫೋಟೋ ಹಾಕಿದರೆ ಇನ್ನೂ ಕಾಯುತ್ತಿದ್ದವರು ಒಬ್ಬೊಬ್ಬರೇ ಸದ್ದಿಲ್ಲದೆ ಹೊರಗೆ ಹೋದರು. ನಾದಿನಿ ಹೇಳಿದ್ದು ಅಷ್ಟರ ಮಟ್ಟಿಗೆ ನಿಜವೇ ಆಯಿತು. ಗ್ರೂಪ್ ಮುಚ್ಚಿದೆ.

ಆಮೇಲೆ ಭಾನುವಾರ ಅಂಗಡಿ ಬಾಗಿಲು ಹಾಕಿ ಒಳಗೆ ಸೇರುವುದು ಅಂತ ಮಾಡಿದೆವು. ಬಸುರಿಯನ್ನು ಒಬ್ಬಳೇ ಕಳಿಸುವುದು ಹೇಗೆ ಅಂತ ಅತ್ತೆಯರೂ ಜೊತೆಗೆ ಬಂದರು. ಅತ್ತೆಯರು ಕೂತ ಕಡೆ ಯಾವ ಸೊಸೆ ಬಾಯಿ ಬಿಡುತ್ತಾಳೆ? ಅವರ ಮಂಡಿನೋವಿನ ಮಾತು ಕೇಳಿ, ಟೀ ಕುಡಿದು ಎದ್ದೆವು.

ಕೊನೆಗೆ ನಿಂತಿದ್ದು ಸರಪಳಿ. ಒಬ್ಬೊಬ್ಬರಿಗೂ ಇಬ್ಬರೇ. ಮುಂದೆ ಒಬ್ಬಳು, ಹಿಂದೆ ಒಬ್ಬಳು. ಮುಂದಿನವಳು ಬಸುರಿನಲ್ಲಿ ಹತ್ತು ಹನ್ನೆರಡು ವಾರ ಮುಂದಿರಬೇಕು, ಅದಕ್ಕಿಂತ ಹತ್ತಿರ ಬೇಡ. ಒಂದೇ ವಾರದಲ್ಲಿರುವ ಇಬ್ಬರನ್ನು ಜೋಡಿ ಮಾಡಿದರೆ ಹೋಲಿಕೆ ಶುರುವಾಗುತ್ತದೆ. ನಿನ್ನ ಬೀಟಾ ಎಷ್ಟು, ನಿನ್ನ ಮಗು ಎಷ್ಟು ಗ್ರಾಂ, ನನ್ನದೇಕೆ ಕಡಿಮೆ. ಮೂರು ತಿಂಗಳು ಮುಂದಿರುವವಳ ಹತ್ತಿರ ಆ ಲೆಕ್ಕ ನಡೆಯುವುದಿಲ್ಲ. ಅವಳು ಆ ಗೇಟು ದಾಟಿ ಆಗಿದೆ. ಬಸುರು ನಿಲ್ಲಲಿ ಅಂತ ಕೊಡುವ ಎಣ್ಣೆ ಇಂಜೆಕ್ಷನ್ನಿನ ಗಂಟು ಎಷ್ಟು ದಿನ ನೋಯುತ್ತದೆ ಅಂತ ಅವಳಿಗೆ ಗೊತ್ತು. ಆಂಪೂಲನ್ನು, ಅಂದರೆ ಆ ಔಷಧಿಯ ಸಣ್ಣ ಗಾಜಿನ ಶೀಶೆಯನ್ನು, ಸ್ವಲ್ಪ ಹೊತ್ತು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಹೋಗು ಅನ್ನುತ್ತಾಳೆ. ಹಿಂದಿನವಳಿಂದ ಏನು ಲಾಭ ಅಂತ ನಾದಿನಿ ಕೇಳಿದ್ದಳು. ಲಾಭ ಅಲ್ಲೇ ಜಾಸ್ತಿ. ತಾನೇ ನಡುಗುತ್ತಿರುವವಳು ಇನ್ನೊಬ್ಬಳಿಗೆ ಧೈರ್ಯ ಹೇಳುವಾಗ ಆ ಮಾತು ಅವಳ ಕಿವಿಗೂ ಬೀಳುತ್ತದೆ, ಅಲ್ವಾ?

ಮುಂದಿನವಳನ್ನು ವಯಸ್ಸು ಎಷ್ಟೇ ಇರಲಿ "ಅಕ್ಕ" ಅನ್ನಬೇಕು ಅಂತ ತಮಾಷೆಗೆ ಶುರು ಮಾಡಿದೆವು, ಅದೇ ನಿಂತಿತು. ತಿಪಟೂರಿನ ಟೀಚರ್ ಒಬ್ಬರು, ನಲವತ್ತು ದಾಟಿದವರು, ಇಪ್ಪತ್ತೇಳರ ಹುಡುಗಿಗೆ "ಅಕ್ಕಾ, ಕಾಲು ಊದಿದೆ" ಅಂತ ಫೋನು ಮಾಡುತ್ತಿದ್ದರು.

ಫೋನು ದಿನಕ್ಕೆ ಒಂದೇ, ರಾತ್ರಿ ಊಟ ಆದಮೇಲೆ, ಹತ್ತು ನಿಮಿಷ. ಸ್ಕ್ಯಾನಿನ ಹಿಂದಿನ ರಾತ್ರಿ ಮಾತ್ರ ಲೆಕ್ಕ ಇಲ್ಲ. ರಕ್ತ ಕಂಡರೆ, ನೀರು ಹೋದರೆ, ಜೋರು ತಲೆನೋವು ಬಂದು ಕಣ್ಣು ಮಂಜಾದರೆ ಅಕ್ಕನಿಗೆ ಫೋನು ಮಾಡುವುದಲ್ಲ, ನೇರ ಆಸ್ಪತ್ರೆಗೆ. ಔಷಧಿ ಯಾರೂ ಯಾರಿಗೂ ಹೇಳುವ ಹಾಗಿಲ್ಲ. ಮೊದಲನೇ ಫೋನಿನಲ್ಲಿ ಮುಂದಿನವಳು ಏನು ಕೇಳಬೇಕು ಅಂತ ಒಂದು ಮಾತಿದೆ. ಅದನ್ನು ಬರೆಯುವುದಿಲ್ಲ. ಬರೆದರೆ ಎಲ್ಲರೂ ಮಂತ್ರದ ಥರ ಒಪ್ಪಿಸುತ್ತಾರೆ, ಕೆಲಸ ಮಾಡುವುದಿಲ್ಲ. ಸರಪಳಿ ಕಟ್ಟಬೇಕು ಅಂತಿರುವವರು ಬಂದರೆ ಬಾಯಲ್ಲಿ ಹೇಳುತ್ತೇನೆ.

ದುಡ್ಡಿನ ವಿಷಯ. ಬೆಂಗಳೂರಿನಲ್ಲಿ ಒಂದು ಐವಿಎಫ್‌ಗೆ ನಮ್ಮಲ್ಲಿ ಒಬ್ಬೊಬ್ಬರಿಗೂ ಔಷಧಿ ಸೇರಿ ಒಂದೂವರೆಯಿಂದ ಎರಡೂವರೆ ಲಕ್ಷ ಆಗಿತ್ತು. ನಮ್ಮದು ಒಡವೆ ಬ್ಯಾಂಕಿನಲ್ಲಿ ಕೂತಿತ್ತು, ಗುಬ್ಬಿಯವಳದು ಅಡಿಕೆ ಮೇಲೆ ಸಾಲ. ಇದಕ್ಕೊಂದು ದಾರಿ ಮಾಡೋಣ ಅಂತ ಚೀಟಿ ಹಾಕಿದೆವು. ತಿಂಗಳಿಗೆ ಎರಡು ಸಾವಿರ. ಮೂರನೇ ತಿಂಗಳಿಗೇ ಕೆಟ್ಟಿತು. ಇಬ್ಬರಿಗೆ ಒಂದೇ ತಿಂಗಳು ಟ್ರಾನ್ಸ್‌ಫರ್ ಇತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಚೀಟಿ ಕೂಗಿದರು. ಕೂಗಿ ಸೋತವಳು ಅಳುತ್ತಾ ಹೋದಳು, ಗೆದ್ದವಳಿಗೆ ಪಾಸಿಟಿವ್ ಬರಲಿಲ್ಲ. ಆಮೇಲೆ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಚೀಟಿ ಅಲ್ಲಿಗೇ ಮುಗಿಸಿ ಎಲ್ಲರ ದುಡ್ಡು ವಾಪಸ್ ಕೊಟ್ಟೆವು.

ಈಗಿರುವುದು ಡಬ್ಬಿ. ತಿಂಗಳಿಗೆ ಮುನ್ನೂರು. ಚಿಕಿತ್ಸೆಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ರಾತ್ರಿ ಹೊತ್ತು ಕಾರಿಗೆ, ತುರ್ತು ಸ್ಕ್ಯಾನಿಗೆ, ಬಾಣಂತನಕ್ಕೆ ತಾಯಿ ಇಲ್ಲದವರಿಗೆ ಕೆಲಸದವರನ್ನು ಇಡುವುದಕ್ಕೆ. ತೆಗೆದುಕೊಂಡವರು ವಾಪಸ್ ಕೊಡಬೇಕಾಗಿಲ್ಲ. ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ. ದುಡ್ಡು ಕರಗಿಹೋಗುತ್ತದೆ ಅಂತ ನಮ್ಮ ಮನೆಯವರು ಅಂದಿದ್ದರು. ಇವತ್ತಿಗೂ ಐದಾರು ಸಾವಿರಕ್ಕಿಂತ ಕೆಳಗೆ ಇಳಿದಿಲ್ಲ. ಡಬ್ಬಿ ಯಾರ ಹತ್ತಿರ, ಕೀಲಿ ಯಾರ ಹತ್ತಿರ ಅನ್ನುವುದರಲ್ಲೇ ಗುಟ್ಟಿದೆ, ಅದು ಹೊರಗೆ ಹೇಳುವುದಲ್ಲ.

ಜಾಸ್ತಿ ಹೋಗುತ್ತಿದ್ದುದು ಕಾರಿನ ಬಾಡಿಗೆಗೆ. ಇಲ್ಲಿಂದ ಬೆಂಗಳೂರು 70 ಕಿಲೋಮೀಟರ್, ಹೋಗಿಬರಲು ಟೋಲ್ ಸೇರಿ ಮೂರು ಸಾವಿರದ ಹತ್ತಿರ. ಟ್ರಾನ್ಸ್‌ಫರ್ ಆದವಳು ಬಸ್ಸಿನಲ್ಲಿ ಬಂದರೆ ಕುಲುಕಾಟಕ್ಕೆ ನಿಲ್ಲುವುದಿಲ್ಲ ಅನ್ನುವ ಭಯ ಎಲ್ಲರಿಗೂ. ಹಾಗೇನೂ ಇಲ್ಲ, ಮಲಗೇ ಇರಬೇಕಾಗಿಯೂ ಇಲ್ಲ ಅಂತ ಡಾಕ್ಟರುಗಳು ಹೇಳುತ್ತಲೇ ಇದ್ದರು, ನಾವು ನಂಬಿರಲಿಲ್ಲ. ಶಿರಾ ಗೇಟಿನವಳು ಒಬ್ಬಳು ಕೈಯಲ್ಲಿ ಕಾಸಿಲ್ಲದೆ ಟ್ರಾನ್ಸ್‌ಫರ್ ದಿನವೇ ಸರ್ಕಾರಿ ಬಸ್ ಹತ್ತಿ ಬಂದಳು. ಅವಳಿಗೆ ಮಗ ಹುಟ್ಟಿದ. ಅವಳನ್ನು ನೋಡಿದ ಮೇಲೆ ಉಳಿದವರೂ ಬಸ್ಸಿಗೆ ಇಳಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಟಿಕೆಟ್ಟಿನ ಖರ್ಚೂ ಇಲ್ಲ. ಡಬ್ಬಿಗೆ ಉಸಿರು ಬಂತು.

ಮಧ್ಯೆ ಒಂದು ಡಾಪ್ಲರ್ ಆಟ ಆಡಿದೆವು. ಮನೆಯಲ್ಲೇ ಎದೆಬಡಿತ ಕೇಳುವ ಸಣ್ಣ ಮಷೀನು, ಎರಡೂವರೆ ಸಾವಿರವೋ ಏನೋ ಕೊಟ್ಟು ತರಿಸಿ ಒಬ್ಬರಾದ ಮೇಲೆ ಒಬ್ಬರು ಇಟ್ಟುಕೊಂಡೆವು. ಕ್ಯಾತ್ಸಂದ್ರದವಳಿಗೆ ಒಂದು ರಾತ್ರಿ ಏನೂ ಕೇಳಿಸಲಿಲ್ಲ. ಅರ್ಧ ಬೀದಿ ಎದ್ದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಯಿತು. ಮಗು ಆರಾಮಾಗಿತ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ ಅಂತ ನಾದಿನಿ ಹೇಳಿದಳು. ತಾಯಿಯದೇ ನಾಡಿಯ ಸದ್ದು ಕೇಳಿ ಮಗು ಚೆನ್ನಾಗಿದೆ ಅಂದುಕೊಂಡು ಮಲಗಿಬಿಡುವುದು. ಮಷೀನನ್ನು ಅವತ್ತೇ ಕಪಾಟಿಗೆ ಹಾಕಿದೆ.

ಅದರ ಬದಲು ಬಂದಿದ್ದು ಹುಣಸೆ ಬೀಜ. ನಮ್ಮ ಕಡೆ ಹುಣಸೆಗೇನು ಬರ? 28 ವಾರ ಆದಮೇಲೆ ರಾತ್ರಿ ಊಟ ಮಾಡಿ ಎಡಮಗ್ಗುಲಿಗೆ ಮಲಗುವುದು. ತಲೆದಿಂಬಿನ ಹತ್ತಿರ ಎರಡು ಸ್ಟೀಲ್ ಬಟ್ಟಲು, ಒಂದರಲ್ಲಿ ಹತ್ತು ಬೀಜ. ಮಗು ಒಮ್ಮೆ ಒದ್ದರೆ, ಹೊರಳಿದರೆ ಒಂದು ಬೀಜ ಆ ಬಟ್ಟಲಿಂದ ಈ ಬಟ್ಟಲಿಗೆ. ಟಣ್ ಅಂತ ಸದ್ದಾಗುತ್ತದೆ, ಪಕ್ಕದಲ್ಲಿ ಮಲಗಿದ ಗಂಡನಿಗೂ ಲೆಕ್ಕ ಸಿಗುತ್ತದೆ. ಎರಡು ಗಂಟೆಯೊಳಗೆ ಹತ್ತೂ ದಾಟಬೇಕು. ದಾಟದಿದ್ದರೆ, ಅಥವಾ ದಿನದ ಹಾಗೆ ಇಲ್ಲ ಅನ್ನಿಸಿದರೆ, ಬೆಳಗಾಗುವ ತನಕ ಕಾಯುವ ಹಾಗಿಲ್ಲ. ಹಗಲಲ್ಲಿ ಹತ್ತು ಸಲ ಹೊಟ್ಟೆ ಮುಟ್ಟಿ ನೋಡುವುದು ಇದರಿಂದ ನಿಂತಿತು. ಮೊಬೈಲಿನ ಆ್ಯಪಿಗಿಂತ ಇದೇ ಮೇಲು ಅಂತ ಬೆಂಗಳೂರಿನಲ್ಲಿ ಐಟಿ ಕೆಲಸ ಮಾಡುವವಳೇ ಹೇಳಿದಳು. ಸ್ವಲ್ಪ ಜಂಬ ಪಟ್ಟೆ.

ಕಳೆದುಕೊಂಡವರ ವಿಷಯಕ್ಕೆ ಬರುತ್ತೇನೆ. ಸರಪಳಿ ಇದ್ದರೂ ಮಗು ಹೋಗುತ್ತದೆ. ನಮ್ಮಲ್ಲೂ ಹೋದವು. ಆಗ ಹಿಂದಿನವಳಿಗೆ ಸುದ್ದಿ ನಾನು ಹೇಳುತ್ತೇನೆ, ಹಗಲು ಹೊತ್ತಿನಲ್ಲಿ, ಎದುರಿಗೆ ಕೂತು. ಅವತ್ತೇ ಅವಳನ್ನು ಇನ್ನೊಬ್ಬ ಅಕ್ಕನಿಗೆ ಸೇರಿಸುತ್ತೇನೆ. ಕಳೆದುಕೊಂಡವಳ ಮನೆಗೆ ಬಸುರಿಯರು, ಕೈಮಗು ಇರುವವರು ಹೋಗುವುದಿಲ್ಲ. ತಾವೂ ಕಳೆದುಕೊಂಡು ಈಗ ಬಸುರಿ ಅಲ್ಲದವರು ಹೋಗುತ್ತಾರೆ. ಮುದ್ದೆ, ಸಾರು ತೆಗೆದುಕೊಂಡು ಹೋಗಿ ಇಟ್ಟು, ಪಾತ್ರೆ ತೊಳೆದು ಬರುತ್ತಾರೆ. "ಮತ್ತೆ ಆಗುತ್ತೆ ಬಿಡು" ಅನ್ನುವ ಮಾತಿಗೆ ನಮ್ಮಲ್ಲಿ ನಿಷೇಧ.

ಹೆರಿಗೆ ಆದಮೇಲೆ ಸರಪಳಿ ಮುಗಿಯಿತು ಅಂತಲೇ ಮೊದಲು ಎಲ್ಲರೂ ಅಂದುಕೊಂಡಿದ್ದು. ನನ್ನ ಕೇಳಿದರೆ ನಿಜವಾದ ಕೆಲಸ ಶುರುವಾಗುವುದೇ ಆಗ. ಸುಮ್ನೆ ಬಸುರಾದವಳು ಬಾಣಂತಿಯಾಗಿ ಅತ್ತರೆ "ಪಾಪ, ನಿದ್ದೆಗೆಟ್ಟಿದ್ದಾಳೆ" ಅನ್ನುತ್ತಾರೆ. ನಾವು ಅತ್ತರೆ "ಇಷ್ಟು ವರ್ಷ ಹರಕೆ ಹೊತ್ತು ಪಡೆದಿದ್ದೀಯ, ಈಗೇನು ನಿಂಗೆ?" ಅನ್ನುತ್ತಾರೆ. ಹಾಗಾಗಿ ಅಳುವುದಿಲ್ಲ. ತಲೆಗೆ ಸ್ಕಾರ್ಫ್ ಕಟ್ಟಿ, ಕಿವಿಗೆ ಹತ್ತಿ ಇಟ್ಟು, ಕಿಟಕಿ ಮುಚ್ಚಿದ ರೂಮಿನಲ್ಲಿ ಮಗು ಉಸಿರಾಡುತ್ತಿದೆಯಾ ಅಂತ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ರಾತ್ರಿಯೆಲ್ಲ ಕೂತಿರುತ್ತಾರೆ.

ಇದಕ್ಕೆ ಬಾಣಂತನದ ಫೋನು. ಮುಂದಿನಕ್ಕ ವಾರಕ್ಕೆ ಎರಡು ಸಲ ಮಾಡಬೇಕು. ಮಗುವಿನ ವಿಷಯ ಕೇಳುವ ಹಾಗಿಲ್ಲ, ಅವಳದು ಮಾತ್ರ. ಎಡಿನ್‌ಬರೋ ಪಟ್ಟಿ ಅಂತ ಹತ್ತು ಪ್ರಶ್ನೆಗಳದ್ದಿದೆ, ಬಾಣಂತಿಯರ ಮನಸ್ಸು ನೋಡುವುದಕ್ಕೆ 1987ರಿಂದ ಬಳಕೆಯಲ್ಲಿದೆ. ಕಳೆದ ಏಳು ದಿನದಲ್ಲಿ ಹೇಗಿತ್ತು ಅಂತ ಕೇಳುತ್ತದೆ. ಕಾಗದ ಕೊಟ್ಟರೆ ಎಲ್ಲರೂ ಚೆನ್ನಾಗಿದ್ದೇನೆ ಅಂತಲೇ ಟಿಕ್ ಹಾಕಿದರು. ಕಾಗದ ಬಿಟ್ಟು ಅದನ್ನೇ ಮಾತಿನ ಮಧ್ಯೆ ತಂದಾಗ ಬಾಯಿ ಬಿಟ್ಟರು. ಕೊನೆಯದು ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅನ್ನುವ ಪ್ರಶ್ನೆ. ಅದಕ್ಕೆ ಖಂಡಿತಾ ಇಲ್ಲ ಅನ್ನುವುದನ್ನು ಬಿಟ್ಟು ಬೇರೇನು ಬಂದರೂ ಅವತ್ತೇ ಮನೆಯವರಿಗೆ ಹೇಳಿ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಅವಳನ್ನು ಒಬ್ಬಳೇ ಬಿಡುವ ಹಾಗಿಲ್ಲ. ರಾತ್ರಿಯಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸಿಲ್ಲ. ನಮ್ಮವರಲ್ಲಿ ಒಬ್ಬರು ನಿಮ್ಹಾನ್ಸ್‌ವರೆಗೂ ಹೋಗಬೇಕಾಯಿತು. ಅಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡಿದೆ. ಮಗುವನ್ನು ಬಿಟ್ಟಿರಬೇಕು ಅನ್ನುವ ಹೆದರಿಕೆಗೇ ಅವಳು ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು. ಈಗ ಚೆನ್ನಾಗಿದ್ದಾಳೆ, ಅಕ್ಕನೂ ಆಗಿದ್ದಾಳೆ.

ಹಾಲು ಬರುವುದು ತಡವಾದಾಗ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ ಎಲ್ಲ ಮಾಡಿ ಹಾಕಿದೆವು. ಬಾಣಂತಿಗೆ ರುಚಿಯಾಗಿ ಊಟ ಸೇರಿತು, ಅದು ಬಿಟ್ಟು ಇದರಿಂದಲೇ ಹಾಲು ಬಂತು ಅಂತ ನಾನು ಹೇಳಲಾರೆ. ಕೆಲಸಕ್ಕೆ ಬಂದಿದ್ದು ಮಗುವನ್ನು ಪದೇಪದೇ ಎದೆಗೆ ಹಾಕಿದ್ದು, ಬಾಣಂತಿಗೆ ನೀರು ಕೊಡಬಾರದು ಅನ್ನುವ ಅಜ್ಜಿಯರ ಕಣ್ಣು ತಪ್ಪಿಸಿ ಚೊಂಬು ನೀರು ಇಟ್ಟಿದ್ದು. ನಾನು ಫೀಡಿಂಗ್ ನೈಟಿ ಹೊಲಿದೆ. ಮೊದಲನೆಯದರಲ್ಲಿ ಜಿಪ್ಪು ಮಗುವಿನ ಕೆನ್ನೆಗೆ ಒತ್ತಿತು, ಎರಡನೆಯದರಲ್ಲಿ ಸಿಸೇರಿಯನ್ ಹೊಲಿಗೆಯ ಮೇಲೆ ಎಲಾಸ್ಟಿಕ್ ಕೂತಿತು. ಈಗಿನದಕ್ಕೆ ಜಿಪ್ಪೂ ಇಲ್ಲ, ಗುಂಡಿಯೂ ಇಲ್ಲ. ಬಟ್ಟೆ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇನೆ, ಮುನ್ನೂರರ ಸುಮಾರು. ಪ್ಯಾಟರ್ನ್ ಕೇಳಬೇಡಿ, ಕೊಡುವುದಿಲ್ಲ.

ಈಚೆಗೆ ಗಂಡಂದಿರಿಗೂ ಒಂದು ಸರಪಳಿ ಮಾಡಿ ನೋಡುತ್ತಿದ್ದೇವೆ. ಅವಳಿ ಮಕ್ಕಳು ಅವಧಿಗೆ ಮುಂಚೆ ಹುಟ್ಟಿ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ, ಖಾಸಗಿಯಲ್ಲಿ ದಿನಕ್ಕೆ ಹತ್ತು ಸಾವಿರದ ಬಿಲ್ಲು ಕಟ್ಟಲಾಗದೆ ಜಿಲ್ಲಾಸ್ಪತ್ರೆಗೆ ತಂದು, ಶರ್ಟು ಬಿಚ್ಚಿ, ಮೈಶಾಖ ಸಿಗಲಿ ಅಂತ ಒಂದು ಮಗುವನ್ನು ಎದೆಗೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತ ಒಬ್ಬರಿದ್ದಾರೆ. ಅವರನ್ನೇ ಮೊದಲ "ಅಣ್ಣ" ಮಾಡಿದೆವು. ಸದ್ಯಕ್ಕೆ ಅವರ ಫೋನಿನಲ್ಲಿ ಒಂಬತ್ತು ನಿಮಿಷ ಕೊಬ್ಬರಿ ರೇಟು, ಒಂದು ನಿಮಿಷ ಹೆಂಡತಿಯ ಬಿಪಿ. ನಮ್ಮ ಮನೆಯವರು ಇದೂ ನಡೆಯಲ್ಲ ಅಂತಾರೆ. ಆದರೆ ಮೊನ್ನೆ ಆ ಫೋನು ತಾವೇ ಎತ್ತಿ, ಹೊರಗೆ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು.